ನಾನು ಕತ್ತರಿಸಿ ಎಸೆದ ನೂರು ಅಡಿ

1995ರಲ್ಲಿ ನಾನು ವಾಷಿಂಗ್ಟನ್ ಡಿ.ಸಿ.ಗೆ ಹತ್ತಿರ, ಮೇರಿಲ್ಯಾಂಡ್ ಕಡೆಗಿದ್ದ ಒಂದು ಫಿಲ್ಮ್ ಸಂರಕ್ಷಣಾ ಲ್ಯಾಬ್‌ನಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ಹಳೆಯ ಫಿಲ್ಮ್ ಹಾಳಾಗುವುದಕ್ಕೆ ಮೊದಲು ಅದರಲ್ಲಿರುವುದನ್ನು ವಿಡಿಯೋಗೆ ಇಳಿಸಿಕೊಳ್ಳುವುದು ನಮ್ಮ ಕೆಲಸ. ಆ ಹೊತ್ತಿಗೆ ಇಪ್ಪತ್ತೆರಡು ವರ್ಷದ ಅನುಭವವಾಗಿತ್ತು. ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದರೇ ಫಿಲ್ಮ್ ಇನ್ನೆಷ್ಟು ದಿನ ಬಾಳುತ್ತದೆಂದು ಹೇಳಬಲ್ಲೆ ಎಂಬ ಜಂಬವೂ ಇತ್ತು. ಈಗ ಹೇಳಹೊರಟಿರುವುದು ಆ ಜಂಬ ಇಳಿದ ಕತೆ.

ಆ ವರ್ಷ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನ ಒಂದು ಸಾಂಸ್ಕೃತಿಕ ಸಂಸ್ಥೆಯವರು ಇಟಲಿಯ ದೂರದರ್ಶನದ ಮೊದಲ ದಿನಗಳ ಬಗ್ಗೆ ಒಂದು ಪ್ರದರ್ಶನ ಏರ್ಪಡಿಸುತ್ತಿದ್ದರು. ಅದಕ್ಕಾಗಿ ಬಾಲ್ಟಿಮೋರ್‌ನ ಒಬ್ಬ ವೃದ್ಧೆಯಿಂದ ಎರವಲು ಪಡೆದ ಹದಿನಾರು ಎಂಎಂನ ಒಂದು ರೀಲ್ ತಂದುಕೊಟ್ಟರು. ಆಕೆಯ ಹೆಸರು ರೋಸಾ. ತೀರಿಕೊಂಡ ಆಕೆಯ ಗಂಡ ಎಂಜೊ, ಮಿಲಾನ್ ನಗರದ ಟಿವಿ ಸ್ಟುಡಿಯೋದಲ್ಲಿ ಕ್ಯಾಮೆರಾಮನ್ ಆಗಿದ್ದವರಂತೆ. ಅಮೆರಿಕಕ್ಕೆ ವಲಸೆ ಬರುವಾಗ ಆ ಕೆಲಸದ ನೆನಪಿಗೆಂದು ತಂದದ್ದು ಇದೊಂದೇ ರೀಲ್.

ಅದರ ಬೆಲೆ ತಿಳಿಯಬೇಕಾದರೆ ಆ ಕಾಲದ ಟಿವಿ ಹೇಗಿತ್ತೆಂದು ಸ್ವಲ್ಪ ಹೇಳಬೇಕು. ಇಟಲಿಯಲ್ಲಿ ನಿತ್ಯ ಪ್ರಸಾರ ಶುರುವಾದದ್ದು 1954ರ ಜನವರಿಯಲ್ಲಿ. ಇದ್ದದ್ದು ಒಂದೇ ವಾಹಿನಿ, ದಿನಕ್ಕೆ ಕೆಲವೇ ಗಂಟೆ. ಟಿವಿ ಸೆಟ್ ಕೊಳ್ಳುವ ತಾಕತ್ತು ಬಹಳ ಜನಕ್ಕಿರಲಿಲ್ಲ. ಊರಿನ ಕಾಫಿ ಅಂಗಡಿಯಲ್ಲಿ ಒಂದು ಸೆಟ್, ಅದರ ಮುಂದೆ ಇಡೀ ಕೇರಿ. ಕಾರ್ಯಕ್ರಮಗಳೆಲ್ಲ ಹೆಚ್ಚುಕಡಿಮೆ ನೇರಪ್ರಸಾರ. ವಿಡಿಯೋ ಟೇಪ್ ಇನ್ನೂ ಬಂದಿರಲಿಲ್ಲವಾದ್ದರಿಂದ ತೋರಿಸಿದ್ದು ಗಾಳಿಗೆ ಹೋಯಿತು, ಮುಗಿಯಿತು. ಏನನ್ನಾದರೂ ಉಳಿಸಿಕೊಳ್ಳಬೇಕಿದ್ದರೆ ಟಿವಿ ಪರದೆಯ ಎದುರಿಗೇ ಫಿಲ್ಮ್ ಕ್ಯಾಮೆರಾ ನಿಲ್ಲಿಸಿ ಚಿತ್ರೀಕರಿಸಬೇಕಿತ್ತು. ಇದಕ್ಕೆ ಕಿನೆಸ್ಕೋಪ್ ಎನ್ನುತ್ತಾರೆ. ರೋಸಾ ಅವರ ರೀಲ್ ಅಂಥದ್ದು. 1956ರ ಒಂದು ಸಂಜೆಯ ಮೂವತ್ತೊಂದು ನಿಮಿಷ.

ಡಬ್ಬಿ ತೆರೆದಾಗ ವಿನಿಗರ್ ವಾಸನೆ ಮುಖಕ್ಕೆ ಹೊಡೆಯಿತು. ಅಸಿಟೇಟ್ ಫಿಲ್ಮ್ ಕೊಳೆಯತೊಡಗಿದರೆ ಬರುವ ವಾಸನೆ ಅದು. ಜೊತೆಗೆ ಫಿಲ್ಮ್ ಕುಗ್ಗುತ್ತದೆ, ಅಂಚಿನ ತೂತುಗಳು ಯಂತ್ರದ ಹಲ್ಲುಗಳಿಗೆ ಹೊಂದುವುದಿಲ್ಲ. ನಮ್ಮ ಯಂತ್ರ ಶೇಕಡಾ ಎರಡರವರೆಗಿನ ಕುಗ್ಗುವಿಕೆಯನ್ನು ತಡೆದುಕೊಳ್ಳುತ್ತಿತ್ತು. ಅಳೆದು ನೋಡಿದರೆ ರೀಲ್‌ನ ಬಹುಭಾಗ 1.8 ಇತ್ತು. ನಡುವಿನ ನೂರು ಅಡಿ ಮಾತ್ರ 2.6. ಹಪ್ಪಳದ ಹಾಗೆ ಸೊಟ್ಟಗಾಗಿತ್ತು, ಅಲ್ಲಲ್ಲಿ ಸುತ್ತುಗಳು ಒಂದಕ್ಕೊಂದು ಅಂಟಿದ್ದವು. ಅದನ್ನು ಹಾಗೇ ಓಡಿಸಿದರೆ ಯಂತ್ರದಲ್ಲಿ ಸಿಕ್ಕಿಕೊಂಡು ಮಿಕ್ಕದ್ದನ್ನೂ ಹರಿದುಹಾಕುವ ಭಯ.

ಆ ನೂರು ಅಡಿಯಲ್ಲಿ ಏನಿದೆ ಎಂದು ಭೂತಗನ್ನಡಿ ಹಿಡಿದು ನೋಡಿದೆ. ಒಂದು ಬೆಟ್ಟದೂರು, ಕಲ್ಲಿನ ನೀರ್ದೊಣೆ, ಕುರಿಗಳು. ಅದು ‘ಇಂಟರ್ವಾಲೊ’, ಅಂದರೆ ವಿರಾಮ. ಒಂದು ಕಾರ್ಯಕ್ರಮ ಮುಗಿದು ಇನ್ನೊಂದಕ್ಕೆ ಸ್ಟುಡಿಯೋದಲ್ಲಿ ಸಾಮಾನು ಸರಿಸುವವರೆಗೆ ಪರದೆ ಖಾಲಿ ಬಿಡಬಾರದೆಂದು ಅವರು ಹಳ್ಳಿಗಳ ದೃಶ್ಯ ತೋರಿಸಿ, ಹಿಂದೆ ಹಾರ್ಪ್ ವಾದ್ಯ ನುಡಿಸುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಸಂಸ್ಥೆಯವರಿಗೆ ಬೇಕಿದ್ದದ್ದು ಇಪ್ಪತ್ತೆಂಟು ನಿಮಿಷ. ನಾನು ಆ ನೂರು ಅಡಿಯನ್ನು ಕತ್ತರಿಸಿ ತೆಗೆದು, ಫಾರಂನಲ್ಲಿ ‘ಫಿಲ್ಲರ್’, ಅಂದರೆ ಬರೀ ಜಾಗ ತುಂಬುವ ತುಣುಕು, ಎಂದು ಬರೆದು ಸಹಿ ಹಾಕಿದೆ. ಹೆಚ್ಚೆಂದರೆ ಅರ್ಧ ನಿಮಿಷ ಯೋಚಿಸಿರಬಹುದು.

ಇಲ್ಲೊಂದು ಲ್ಯಾಬ್‌ನ ಪದ್ಧತಿ ಹೇಳಬೇಕು. ಕತ್ತರಿಸಿ ತೆಗೆದ ಕಾರ್ಯಕ್ರಮದ ತುಂಡುಗಳನ್ನು ನಾವು ಚೀಟಿ ಅಂಟಿಸಿ ಮೂವತ್ತು ದಿನ ಇಟ್ಟುಕೊಳ್ಳುತ್ತಿದ್ದೆವು. ಫಿಲ್ಲರ್ ಎಂದು ಬರೆದದ್ದಕ್ಕೆ ಆ ಯೋಗವಿಲ್ಲ. ಅದು ನೇರ ಪೀಪಾಯಿಗೆ. ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಬೆಳ್ಳಿಯ ಅಂಶವಿರುತ್ತದೆ. ನಾರ್ತ್ ಕೆರೊಲಿನಾದ ಷಾರ್ಲೆಟ್ ಹೊರವಲಯದ ಒಂದು ಕಾರ್ಖಾನೆಯವರು ತಿಂಗಳಿಗೊಮ್ಮೆ ಲಾರಿ ಕಳಿಸಿ, ಪೀಪಾಯಿಯಲ್ಲಿದ್ದದ್ದನ್ನು ಬೇರೆ ಕಡೆಯ ಸರಕಿನ ಜೊತೆ ತಮ್ಮ ಪೀಪಾಯಿಗಳಿಗೆ ಸುರಿದುಕೊಂಡು ಹೋಗಿ, ಫಿಲ್ಮ್ ಪುಡಿಮಾಡಿ, ತೊಳೆದು ಬೆಳ್ಳಿ ತೆಗೆಯುತ್ತಿದ್ದರು.

ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ರೋಸಾ, ರೀಲ್ ಎರವಲು ಕೊಟ್ಟದ್ದಕ್ಕೆ ಸಿಗಬೇಕಿದ್ದ ತಮ್ಮ ವಿಡಿಯೋ ಪ್ರತಿ ತೆಗೆದುಕೊಂಡು ಹೋಗಲು ತಾವೇ ಬಂದರು. ಮೊದಲ ಸಲ ನೋಡಿದ್ದು ಅವತ್ತೇ. ಗಿಡ್ಡ ಆಳು, ಕಪ್ಪು ಕೋಟು, ಕೈಯಲ್ಲಿ ಊರುಗೋಲು. ವೀಕ್ಷಣಾ ಕೊಠಡಿಯಲ್ಲಿ ಕೂರಿಸಿ ಟೇಪ್ ಹಾಕಿದೆ. ಪರದೆಯ ಮೇಲೆ ನಿರೂಪಕಿ ಬಂದು ಶುಭಸಂಜೆ ಹೇಳಿದಳು. ಚಿತ್ರ ಅಷ್ಟು ಸ್ವಚ್ಛವಾಗಿತ್ತು ಎಂದು ನಾನೇ ಒಳಗೊಳಗೇ ಬೀಗುತ್ತಿದ್ದೆ. ಮೊದಲ ಕಾರ್ಯಕ್ರಮ ಮುಗಿಯಿತು. ರೋಸಾ ಕುರ್ಚಿಯ ತುದಿಗೆ ಬಂದು ಕುಳಿತರು. ಮರುಕ್ಷಣವೇ ಎರಡನೆಯ ಕಾರ್ಯಕ್ರಮ ಶುರುವಾಯಿತು.

“ಇಂಟರ್ವಾಲೊ ಎಲ್ಲಿ?” ಎಂದು ಕೇಳಿದರು.

ನಾನು ನಗುತ್ತಲೇ, ಅದು ತುಂಬಾ ಹಾಳಾಗಿತ್ತು, ಕಾರ್ಯಕ್ರಮ ಪೂರ್ತಿ ಇದೆ ಎಂದೆ. ಆಕೆ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಹೇಳಿದರು, “ಅದು ನಮ್ಮ ಊರು. ದೊಣೆಯ ಮೆಟ್ಟಿಲ ಮೇಲೆ ಕೂತಿರೋದು ನನ್ನ ಅಪ್ಪ. ಅದಾಗಿ ಎರಡು ವರ್ಷಕ್ಕೆ ಹೋದರು. ಅವರ ಫೋಟೋ ಅಂತ ಇರೋದು ಗೋರಿ ಮೇಲಿನ ಪಿಂಗಾಣಿ ಬಿಲ್ಲೆಯಲ್ಲಿ ಒಂದೇ. ಅವರು ಅಲುಗಾಡೋದನ್ನ ನಾನು ನೋಡಿ ಮೂವತ್ತು ವರ್ಷ ಆಯ್ತು. ನಮ್ಮ ಪ್ರೊಜೆಕ್ಟರ್ ಕೆಟ್ಟುಹೋದ ಮೇಲೆ ನೋಡೇ ಇಲ್ಲ. ಪ್ರದರ್ಶನಕ್ಕೆ ರೀಲ್ ಕೊಟ್ಟಿದ್ದೇ ಅದಕ್ಕೆ.”

ಒಂದು ನಿಮಿಷ ಇರಿ ಎಂದು ಹೇಳಿ ಹಿಂದಿನ ಕೋಣೆಗೆ ಓಡಿದೆ. ಪೀಪಾಯಿ ಖಾಲಿ. ಮಂಗಳವಾರವೇ ಲಾರಿ ಬಂದು ಹೋಗಿತ್ತು.

ನಮ್ಮ ಲ್ಯಾಬ್‌ನ ಮುಖ್ಯಸ್ಥ ವಾಲ್ಟರ್ ಒಳ್ಳೆಯ ಮನುಷ್ಯ. ವಿಷಯ ಕೇಳಿ ನನ್ನ ಭುಜ ಮುಟ್ಟಿ, “ಆ ಭಾಗ ಕೊಳೆತು ಹೋಗಿತ್ತು ಅಂತ ಹೇಳಿಬಿಡು. ಅದು ಸುಳ್ಳೇನಲ್ಲ” ಎಂದ. ಸುಳ್ಳಲ್ಲ, ನಿಜ. ಕೊಠಡಿಗೆ ಹಿಂದಿರುಗುವ ಇಪ್ಪತ್ತು ಹೆಜ್ಜೆಯಲ್ಲಿ ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು ನೋಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಆಕೆ ಊರುಗೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಾ ಕುಳಿತಿದ್ದರು. ನಾನು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಕತ್ತರಿಸಿದವನು ನಾನು, ಎಸೆದವನು ನಾನು, ಅದೀಗ ಷಾರ್ಲೆಟ್‌ನಲ್ಲಿರಬಹುದು ಅಥವಾ ಇಲ್ಲದೆಯೂ ಇರಬಹುದು.

ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ನಿಮಗೆ ಯಾರೂ ಹೇಳಲಿಲ್ಲ, ನಿಮಗೆ ಹೇಗೆ ಗೊತ್ತಾಗಬೇಕು?” ಎಂದು ನನ್ನನ್ನೇ ಸಮಾಧಾನ ಮಾಡಿದರು. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಮ್ಮ ಫಾರಂನಲ್ಲಿ ಅಳತೆಗೆ, ಕುಗ್ಗುವಿಕೆಗೆ, ಧ್ವನಿಪಥಕ್ಕೆ ಎಲ್ಲಕ್ಕೂ ಖಾನೆ ಇತ್ತು. ಇದು ನಿಮಗೆ ಯಾಕೆ ಬೇಕು ಎಂದು ಕೇಳುವ ಖಾನೆ ಇರಲಿಲ್ಲ.

ಅವರನ್ನು ಕಳಿಸಿ ಕಾರ್ಖಾನೆಗೆ ಫೋನ್ ಮಾಡಿದೆ. ಮ್ಯಾನೇಜರ್ ದಕ್ಷಿಣದವರ ಆ ನಿಧಾನದ ಮಾತಿನಲ್ಲಿ, ನಿಮ್ಮ ಕಡೆಯ ಪೀಪಾಯಿಗಳು ಇನ್ನೂ ಅಂಗಳದಲ್ಲೇ ಇವೆ, ಆದರೆ ಸೋಮವಾರ ಬೆಳಿಗ್ಗೆ ಎಲ್ಲ ಯಂತ್ರಕ್ಕೆ ಹೋಗುತ್ತವೆ, ನಾಳೆ ಮಧ್ಯಾಹ್ನದವರೆಗೆ ನಾನಿಲ್ಲಿರುತ್ತೇನೆ, ಬಂದು ಹುಡುಕಿಕೊಳ್ಳಿ ಎಂದರು. ಯಾವ ಪೀಪಾಯಿ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಮೇರಿಲ್ಯಾಂಡ್‌ನ ಕೊಲಂಬಿಯಾದಲ್ಲಿದ್ದ ನಮ್ಮ ಮನೆಗೆ ಹೋದಾಗ ನನ್ನ ಹೆಂಡತಿ ವಿಮಲಾ ಆಗಲೇ ಆಸ್ಪತ್ರೆಯಿಂದ ಬಂದಿದ್ದಳು. ಅವಳು ಪೆಥಾಲಜಿಸ್ಟ್. ರೋಗಿಯ ದೇಹದಿಂದ ತೆಗೆದ ಅಂಗಾಂಶದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಏನೆಂದು ಹೇಳುವವಳು. ನನ್ನ ಪ್ರವರವನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

“ಅಲ್ಲಾ ರೀ, ನಮ್ಮಲ್ಲಿ ರಿಪೋರ್ಟ್ ಸೈನ್ ಆಗಿ, ವಾರಗಟ್ಲೆ ಆದ್ಮೇಲೂ ಒಂದು ಚೂರು ಟಿಶ್ಯೂ ಎಸೆಯಲ್ಲ. ನೀವು ನೋಡದೇ ಹೇಗೆ ಎಸೆದ್ರಿ?”

“ನೋಡ್ದೆ ಕಣೇ. ಕುರಿ ಇತ್ತು.”

“ಕುರಿ ನೋಡಿದ್ರಿ. ಮನುಷ್ಯನ್ನ ನೋಡ್ಲಿಲ್ಲ.”

ಹಳೆಯದೊಂದು ನೆನಪಾಯಿತು. ಹತ್ತು ವರ್ಷದ ಕೆಳಗೆ ಮೈಸೂರಿಗೆ ಹೋಗಿದ್ದಾಗ ನನ್ನ ತಂಗಿಯ ಮನೆಯ ಹಾಲ್‌ನಲ್ಲಿ ವಠಾರವೇ ಟಿವಿ ಮುಂದೆ ಸೇರುತ್ತಿತ್ತು. ಪ್ರಸಾರ ನಿಂತು ‘ಅಡಚಣೆಗಾಗಿ ಕ್ಷಮಿಸಿ’ ಎಂಬ ಫಲಕ ಬಂದರೂ ಒಬ್ಬರೂ ಏಳದೆ ಆ ಫಲಕವನ್ನೇ ನೋಡುತ್ತಾ ಕುಳಿತಿರುತ್ತಿದ್ದರು. ಅಮೆರಿಕದಿಂದ ಬಂದ ಅಣ್ಣ ಎಂಬ ಗತ್ತಿನಲ್ಲಿ ನಾನು ನಕ್ಕಿದ್ದೆ. ಟಿವಿ ಹೊಸದಾಗಿದ್ದ ಊರಿನಲ್ಲಿ ಅದರ ಖಾಲಿ ಹೊತ್ತೂ ಖಾಲಿಯಲ್ಲ ಎಂಬುದು ಕಣ್ಣಾರೆ ಕಂಡರೂ ನನ್ನ ತಲೆಗೆ ಹೋಗಿರಲಿಲ್ಲ.

ವಿಮಲಾ ಮರುದಿನ ಸ್ನೇಹಿತರ ಮನೆಯಲ್ಲಿದ್ದ ಊಟ ರದ್ದುಮಾಡಿ, ಮೊಸರನ್ನ ಕಲಸಿ ಡಬ್ಬಿಗೆ ತುಂಬಿ, “ನಡೀರಿ, ನಾನೂ ಬರ್ತೀನಿ. ಅರ್ಧ ದಾರಿ ನಾನು ಡ್ರೈವ್ ಮಾಡ್ತೀನಿ. ನೀವು ಈ ಟೆನ್ಷನ್ನಲ್ಲಿ ಓಡಿಸಿದ್ರೆ ಸ್ಪೀಡಿಂಗ್ ಟಿಕೆಟ್ ಗ್ಯಾರಂಟಿ” ಎಂದಳು. ಸುಮಾರು ನಾನೂರ ಮೂವತ್ತು ಮೈಲಿ. ದಾರಿಯಲ್ಲಿ ಒಂದು ಮೋಟೆಲ್‌ನಲ್ಲಿ ತಂಗಿ ಶನಿವಾರ ಒಂಬತ್ತಕ್ಕೆ ಷಾರ್ಲೆಟ್ ಮುಟ್ಟಿದೆವು.

ಅಂಗಳದಲ್ಲಿ ಒಂದೇ ಥರದ ನೀಲಿ ಪೀಪಾಯಿಗಳು ಮೂವತ್ತಾರು ಇದ್ದವು. ಮ್ಯಾನೇಜರ್ ಎರಡು ಜೊತೆ ಕೈಗವಸು ಕೊಟ್ಟು ತಮ್ಮ ಕೆಲಸಕ್ಕೆ ಹೋದರು. ಬಹುಪಾಲು ಪೀಪಾಯಿಗಳಲ್ಲಿದ್ದದ್ದು ಆಸ್ಪತ್ರೆಗಳ ಹಳೆಯ ಎಕ್ಸ್-ರೇ. ವಿಮಲಾ ಹುಡುಕುವ ಬದಲು ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡತೊಡಗಿದಳು. “ಪಾಪ ರೀ, ಇವರ ಹಾರ್ಟ್ ಎಷ್ಟು ದೊಡ್ಡದಾಗಿದೆ ನೋಡಿ.” ಇನ್ನೊಂದು ಹಿಡಿದು, “ಇದು ನೋಡಿ, ಚಿಕ್ಕ ಮಗು ಕಾಸು ನುಂಗಿದೆ!” ನಾನು ಕೈಮುಗಿದು, ತಾಯಿ, ಹನ್ನೆರಡು ಗಂಟೆಯೊಳಗೆ ಮುಗಿಸಬೇಕು ಎಂದೆ. ಹತ್ತೂವರೆಯ ಹೊತ್ತಿಗೆ ಹದಿನೈದು ಪೀಪಾಯಿ ಆಗಿತ್ತು. ಸೊಂಟ ಹಿಡಿದುಕೊಂಡಿತ್ತು.

ಆಗ ಅವಳೇ ಹೇಳಿದಳು, “ನಿಮ್ಮ ಮೂಗು ಎಲ್ಲಿ ಹೋಯ್ತು? ಮನೇಲಿ ಉಪ್ಪಿನಕಾಯಿ ಜಾಡಿ ತೆಗೆದ್ರೆ ವಿನಿಗರ್, ವಿನಿಗರ್ ಅಂತೀರಲ್ಲ.”

ಎಂಥ ದಡ್ಡ ನಾನು! ಮಿಕ್ಕ ಇಪ್ಪತ್ತೊಂದು ಪೀಪಾಯಿಗಳ ಮುಚ್ಚಳಗಳನ್ನು ಸರಸರನೆ ತೆಗೆದು ಒಂದೊಂದಕ್ಕೂ ತಲೆ ಹಾಕಿ ಮೂಸುತ್ತಾ ಹೋದೆ. ದೂರದಿಂದ ಮ್ಯಾನೇಜರ್ ನಿಂತು ನೋಡುತ್ತಿದ್ದುದು ಕಾಣಿಸಿತು, ಏನಂದುಕೊಂಡರೋ. ಒಂಬತ್ತನೆಯದರಲ್ಲಿ ಆ ವಾಸನೆ ಸಿಕ್ಕಿತು. ಭುಜದವರೆಗೆ ಕೈ ಹಾಕಿ, ಕೊನೆಗೆ ಪೀಪಾಯಿಯನ್ನೇ ಮಗುಚಿದೆವು. ಎಕ್ಸ್-ರೇಗಳ ಭಾರಕ್ಕೆ ಚಪ್ಪಟೆಯಾಗಿ, ಒಣಗಿದ ಚಕ್ಕುಲಿಯ ಹಾಗೆ ಬಿದ್ದಿತ್ತು ಆ ಸುರುಳಿ. ಬಿಸಿಲಿಗೆ ಹಿಡಿದೆ. ಕುರಿ ಕಂಡಿತು. ಆ ಕುರಿಯನ್ನು ಕಂಡು ಆದಷ್ಟು ಸಂತೋಷ ನನಗೆ ಗ್ರೀನ್ ಕಾರ್ಡ್ ಬಂದಾಗಲೂ ಆಗಿರಲಿಲ್ಲ.

ಸಿಕ್ಕಿದ್ದು ಅರ್ಧ ಕೆಲಸ. ಅದನ್ನು ಯಾವ ಯಂತ್ರದಲ್ಲೂ ಓಡಿಸುವಂತಿರಲಿಲ್ಲ. ನೂರು ಅಡಿ ಎಂದರೆ ನಾಲ್ಕು ಸಾವಿರ ಚೌಕಟ್ಟುಗಳು. ಇಟಲಿಯ ಲೆಕ್ಕದಲ್ಲಿ ಸೆಕೆಂಡಿಗೆ ಇಪ್ಪತ್ತೈದು, ಒಟ್ಟು ಎರಡು ನಿಮಿಷ ನಲವತ್ತು ಸೆಕೆಂಡಿನ ಚಿತ್ರ. ಇದ್ದದ್ದು ಒಂದೇ ದಾರಿ. ಅಂಟಿದ ಸುತ್ತುಗಳನ್ನು ಬಿಡಿಸಿ, ಒಂದೊಂದೇ ಚೌಕಟ್ಟನ್ನು ಗಾಜಿನಡಿ ಚಪ್ಪಟೆಯಾಗಿ ಕೂರಿಸಿ, ಒಂದೊಂದಾಗಿ ಫೋಟೋ ತೆಗೆಯುವುದು. ವಾಲ್ಟರ್ ತಲೆ ಕೆರೆದುಕೊಂಡು, ಲ್ಯಾಬ್‌ನ ಕೆಲಸಕ್ಕೆ ಅಡ್ಡಿಯಾಗದಿದ್ದರೆ ಉಪಕರಣ ಬಳಸಿಕೋ ಎಂದ. ಊಟದ ಬಿಡುವಿನಲ್ಲಿ, ಶನಿವಾರ-ಭಾನುವಾರಗಳಲ್ಲಿ ಕೂತೆ. ಮೊದಲ ವಾರ ಅವಸರದಿಂದ ಎಳೆದು ಅರುವತ್ತು ಚೌಕಟ್ಟುಗಳನ್ನು ಹರಿದೆ. ವಿಮಲಾ ಬಂದು ನೋಡಿ, “ಎಳೀಬೇಡಿ. ತೇವದ ಡಬ್ಬೀಲಿ ಇಟ್ಟು ಕಾಯಿರಿ. ತಾನಾಗೇ ಬಿಟ್ಕೊಳ್ಳೋವರೆಗೂ ಮುಟ್ಬೇಡಿ” ಎಂದಳು. ಕಾಯುವುದು ನನ್ನ ಜಾಯಮಾನವಲ್ಲ. ಆದರೂ ಕಾದೆ.

ಹನ್ನೊಂದು ವಾರ ಹಿಡಿಯಿತು. ನಾಲ್ಕು ಸಾವಿರದಲ್ಲಿ ನನಗೆ ದಕ್ಕಿದ್ದು 1,125 ಚೌಕಟ್ಟು. ಅಂದರೆ ನಲವತ್ತೈದು ಸೆಕೆಂಡು. ಮಿಕ್ಕದ್ದರಲ್ಲಿ ಚಿತ್ರದ ಪದರವೇ ಕರಗಿ ಅಂಟಾಗಿತ್ತು. ಹಾರ್ಪ್‌ನ ಧ್ವನಿಯೂ ಉಳಿಯಲಿಲ್ಲ. ಇಷ್ಟನ್ನೇ ಟೇಪಿಗೆ ಇಳಿಸಿ ಆಗಸ್ಟ್‌ನಲ್ಲಿ ರೋಸಾ ಅವರಿಗೆ ಫೋನ್ ಮಾಡಿದೆ. ಪೂರ್ತಿ ಇಲ್ಲ, ನನ್ನಿಂದಾದದ್ದು ಇಷ್ಟೇ ಎಂದು ಮೊದಲೇ ಹೇಳಿದೆ.

ಮತ್ತೆ ಅದೇ ಕೊಠಡಿ. ವಿಮಲಾ ರಜೆ ಹಾಕಿ ಬಂದಿದ್ದಳು. ದೀಪ ಆರಿಸಿದೆ. ಕಲ್ಲಿನ ದೊಣೆ ಕಂಡಿತು. ಕುರಿಗಳು ಒತ್ತರಿಸಿಕೊಂಡು ದಾಟಿದವು. ಕೊಡ ಹೊತ್ತ ಒಬ್ಬ ಹುಡುಗಿ ಎಡದಿಂದ ಬಲಕ್ಕೆ ನಡೆದು ಹೋದಳು. ಆ ಹುಡುಗಿ ತಾವೇ ಎಂದು ರೋಸಾ ಆಗ ಹೇಳಲಿಲ್ಲ. ಕ್ಯಾಮೆರಾ ಹಿಡಿದು, ಕೊಡ ಹೊತ್ತು ನಡೆ ಎಂದು ಹೇಳಿಕೊಟ್ಟವರೇ ಎಂಜೊ, ಅವರಿಬ್ಬರು ಮೊದಲು ಭೇಟಿಯಾದದ್ದೇ ಅವತ್ತು ಎಂಬುದು ನಮಗೆ ತಿಳಿದದ್ದು ಆಮೇಲೆ. ಆಕೆ ಕಾಯುತ್ತಿದ್ದದ್ದು ಬೇರೆಯದಕ್ಕೆ. ಒಂದೆಡೆ ಚಿತ್ರ ಹಾರಿತು. ಮತ್ತೆ ನಿಂತಾಗ ಮೆಟ್ಟಿಲ ಮೇಲೆ ಒಬ್ಬ ಮುದುಕರು ಕೂತಿದ್ದರು. ತುಂಬುತೋಳಿನ ಕೋಟು, ಕುತ್ತಿಗೆಯವರೆಗೆ ಗುಂಡಿ. ನೇರ ನಮ್ಮ ಕಡೆಗೇ ನೋಡಿದರು. ಮೊಣಕಾಲಿನ ಮೇಲೆ ಕೈಯೂರಿ ನಿಧಾನವಾಗಿ ಎದ್ದರು. ಟೋಪಿ ತೆಗೆದು ಎದೆಗಿಟ್ಟುಕೊಂಡು, ತಲೆ ಬಾಗಿಸಿ ನಮಸ್ಕರಿಸಿದರು. ಅಲ್ಲಿಗೆ ಚಿತ್ರ ಮುಗಿಯಿತು. ಅವರಿದ್ದದ್ದು ಒಂಬತ್ತು ಸೆಕೆಂಡು.

ರೋಸಾ ನಗುತ್ತಾ, ಅಳುತ್ತಾ ಹೇಳಿದರು. “ಇದು ಎಲ್ಲಿಗೆ ಹೋಗುತ್ತೆ ಅಂತ ಅಪ್ಪ ಎಂಜೊನ ಕೇಳಿದರು. ಟಿವಿ ಇರೋ ಊರಲ್ಲೆಲ್ಲಾ ಜನ ಇದನ್ನ ನೋಡ್ತಾರೆ ಅಂದ. ಅಪ್ಪ ಮನೆಗೆ ಹೋಗಿ ಮದುವೆ ಕೋಟು ಹಾಕ್ಕೊಂಡು ಬಂದರು. ಸುಮ್ಮನೆ ಕೂತಿರಿ ಸಾಕು ಅಂದ್ರೆ ಕೇಳಲಿಲ್ಲ. ಅಷ್ಟು ಜನ ನಮ್ಮೂರಿಗೆ ಬರ್ತಿರೋವಾಗ ಕೂತೇ ಇರೋದಕ್ಕಾಗುತ್ತಾ ಅಂದರು.”

ಇನ್ನೊಮ್ಮೆ ಹಾಕಿ ಎಂದರು. ಹಾಕಿದೆ. ಕುರಿಗಳು ದಾಟಿದವು, ಹುಡುಗಿ ದಾಟಿದಳು. ಮುದುಕರು ಮೊಣಕಾಲಿಗೆ ಕೈಯೂರಿದ ಹೊತ್ತಿಗೆ ನನ್ನ ಪಕ್ಕದಲ್ಲಿ ಕುರ್ಚಿ ಕಿರುಗುಟ್ಟಿತು. ರೋಸಾ ಊರುಗೋಲಿನ ಮೇಲೆ ಭಾರ ಹಾಕಿ ಏಳುತ್ತಿದ್ದರು. ಪರದೆಯ ಮೇಲೆ ಅಪ್ಪ ತಲೆಬಾಗಿಸಿದಾಗ ಇಲ್ಲಿ ಮಗಳೂ ತಲೆಬಾಗಿಸಿದರು. ವಿಮಲಾಳೂ ನಾನೂ ಯಾವಾಗ ಎದ್ದು ನಿಂತೆವೋ ನನಗೆ ನೆನಪಿಲ್ಲ.

ಅದಾದ ಮೇಲೆ ಹದಿಮೂರು ವರ್ಷ ಕೆಲಸ ಮಾಡಿ ನಿವೃತ್ತನಾದೆ. ಎಷ್ಟೋ ರೀಲ್‌ಗಳು ಕೈಯಲ್ಲಿ ಹಾದುಹೋದವು, ಹಾಳಾದ ಭಾಗಗಳನ್ನು ಕತ್ತರಿಸಲೇಬೇಕಾಗಿಯೂ ಬಂತು. ಆದರೆ ಫಿಲ್ಲರ್ ಎಂಬ ಪದವನ್ನು ನಾನು ಮತ್ತೆ ಬರೆಯಲಿಲ್ಲ. ಫಾರಂ ಬದಲಾಯಿಸಲು ವಾಲ್ಟರ್‌ನನ್ನು ಒಪ್ಪಿಸಿ, ಅಳತೆ, ಕುಗ್ಗುವಿಕೆಗಳಿಗಿಂತ ಮೇಲೆ ಹೊಸದೊಂದು ಖಾನೆ ಹಾಕಿಸಿದೆ. ಕತ್ತರಿ ಕೈಗೆತ್ತಿಕೊಳ್ಳುವ ಮುನ್ನ ರೀಲ್‌ನ ಒಡೆಯರಿಗೆ ನಾನೇ ಫೋನ್ ಮಾಡಿ ಆ ಖಾನೆ ತುಂಬುತ್ತಿದ್ದೆ. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಇದರಲ್ಲಿ ನಿಮ್ಮವರು ಯಾರಿದ್ದಾರೆ?”